ಚಿತ್ರ ಬರೆಯುವುದು ಹುಟ್ಟುಗುಣವೆ?

‘ನನಗೆ ಚಿತ್ರ ಬರೆಯಲು ಬರುವುದಿಲ್ಲ’ ಎಂಬ ಮಾತನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು, ತಮ್ಮ ಎತ್ತರವನ್ನೋ ಮೈಬಣ್ಣವನ್ನೋ ತಿಳಿಸುವ ಧಾಟಿಯಲ್ಲಿ ಹೇಳುವುದುಂಟು. ಜೀವಶಾಸ್ತ್ರದ ಪ್ರಯೋಗಶಾಲೆಯಲ್ಲಂತೂ ಇದು ನಿತ್ಯದ ಮಾತು. ಸೂಕ್ಷ್ಮದರ್ಶಕದ ಕೆಳಗೆ ಈರುಳ್ಳಿಯ ಪೊರೆ ಇರುತ್ತದೆ. ರೆಕಾರ್ಡ್ ಪುಸ್ತಕಕ್ಕೆ ಇಳಿಯುವುದು ಮಾತ್ರ ಪಠ್ಯಪುಸ್ತಕದಲ್ಲಿರುವ ಚಿತ್ರ. ಇದನ್ನು ನಾವು ಸಣ್ಣ ಲೋಪವೆಂದು ಎಣಿಸಲಾರೆವು. ಕೈಗೆ ಬಾರದೆಂಬ ನೆಪದಿಂದ ಕಣ್ಣೂ ಕೆಲಸ ಬಿಟ್ಟಿತೆಂದೇ ಇದರ ಅರ್ಥ.

ಚಿತ್ರ ಕೆಡುವುದು ಬಹುಮಟ್ಟಿಗೆ ಬೆರಳಿನ ದೋಷದಿಂದಲ್ಲ. ತನ್ನ ಹೆಸರನ್ನು ಅಂದವಾಗಿ ಬರೆಯಬಲ್ಲ ಕೈಗೆ ಒಂದು ಎಲೆಯ ಅಂಚನ್ನು ಎಳೆಯುವ ಶಕ್ತಿ ಇದ್ದೇ ಇದೆ. ಮೇಜಿನ ಮೇಲೆ ಒಂದು ಹಿತ್ತಾಳೆಯ ಲೋಟವನ್ನಿಟ್ಟು ತುಸು ದೂರದಿಂದ ನೋಡಿರಿ. ಅದರ ಬಾಯಿ ದುಂಡಗಿದೆಯೆಂಬುದನ್ನು ನಾವು ಬಲ್ಲೆವು. ಆದರೆ ಕಣ್ಣಿನೊಳಗೆ ಮೂಡುವ ಆಕೃತಿ ಚಪ್ಪಟೆಯಾದ ದೀರ್ಘವೃತ್ತ. ಮಿದುಳು ನಮಗರಿವಿಲ್ಲದಂತೆಯೇ ಇದನ್ನು ತಿದ್ದಿ, ‘ದುಂಡು’ ಎಂದು ವರದಿಮಾಡುತ್ತದೆ. ಮನಶ್ಶಾಸ್ತ್ರಜ್ಞರು ಇದಕ್ಕೆ ಆಕಾರಸ್ಥಿರತೆ ಎನ್ನುತ್ತಾರೆ. ನಿತ್ಯಜೀವನದಲ್ಲಿ ಇದರಿಂದ ಮಹದುಪಕಾರವಾಗಿದೆ. ಇಲ್ಲದಿದ್ದರೆ ತಟ್ಟೆ ವಾಲಿದಾಗಲೆಲ್ಲ ಅದರ ಗುರುತು ತಪ್ಪಬೇಕಾಗುತ್ತಿತ್ತು! ಚಿತ್ರ ಬರೆಯುವವರಿಗೆ ಮಾತ್ರ ಅದು ತೊಡಕು. ತೋಳನ್ನು ನೀಳವಾಗಿ ಚಾಚಿ, ಒಂದು ಕಣ್ಣು ಮುಚ್ಚಿ, ಸೀಸದ ಕಡ್ಡಿಯಿಂದ ಆ ಬಾಯಿಯ ಅಗಲವನ್ನೂ ಎತ್ತರವನ್ನೂ ಅಳೆದರೆ ನಿಜ ಬಯಲಾಗುತ್ತದೆ. ಈ ಅಳತೆಯನ್ನು ಯಾರೂ ಹುಟ್ಟುವಾಗ ಹೊತ್ತು ತಂದಿಲ್ಲ. ಒಂದು ವಾರದಲ್ಲಿ ಕಲಿಯಬಹುದು.

ಹೀಗೆ ನೋಟಕ್ಕೆ ಶಿಕ್ಷಣ ದೊರೆತರೆ ಏನಾಗುತ್ತದೆಂಬುದಕ್ಕೆ ವಿಜ್ಞಾನದ ಇತಿಹಾಸದಲ್ಲಿಯೇ ಒಂದು ನಿದರ್ಶನವಿದೆ. 1609ರ ಬೇಸಗೆಯಲ್ಲಿ ಇಂಗ್ಲೆಂಡಿನ ಗಣಿತಜ್ಞ ಥಾಮಸ್ ಹ್ಯಾರಿಯಟನು ದೂರದರ್ಶಕದಿಂದ ಚಂದ್ರನನ್ನು ನೋಡಿ ಚಿತ್ರಿಸಿದನು. ಬೆಳಕು ಕತ್ತಲೆಗಳ ನಡುವೆ ಅಂಕುಡೊಂಕಾದ ಗಡಿ, ಕೆಲವು ಕಲೆಗಳು, ಅಷ್ಟೆ. ಅದೇ ವರ್ಷದ ಕೊನೆಗೆ ಗೆಲಿಲಿಯೊ ಅದೇ ಗಡಿಯಲ್ಲಿ ಬೆಟ್ಟಗಳನ್ನೂ ಕುಳಿಗಳನ್ನೂ ಗುರುತಿಸಿದನು. ಅವನ ದೂರದರ್ಶಕ ಹೆಚ್ಚು ಶಕ್ತಿಯುಳ್ಳದ್ದೆಂಬುದು ನಿಜ. ಆದರೆ ತಾರುಣ್ಯದಲ್ಲಿ ಅವನು ರೇಖಾಚಿತ್ರವನ್ನು ಕಲಿತಿದ್ದನು. ಉಬ್ಬುತಗ್ಗುಗಳ ಮೇಲೆ ನೆರಳು ಬೀಳುವ ಬಗೆ ಅವನಿಗೆ ಪರಿಚಿತವಾಗಿತ್ತು. 1610ರಲ್ಲಿ ಅವನ ಪುಸ್ತಕ ಪ್ರಕಟವಾದ ಮೇಲೆ ಹ್ಯಾರಿಯಟನ ಚಿತ್ರಗಳಲ್ಲಿಯೂ ಕುಳಿಗಳು ಕಾಣಿಸಿಕೊಂಡವು! ಚಂದ್ರನೇನೂ ಬದಲಾಗಿರಲಿಲ್ಲವಷ್ಟೆ.

ಹುಟ್ಟುಗುಣವೇ ಸುಳ್ಳೆಂದು ನಾವು ಸಾಧಿಸಹೊರಟಿಲ್ಲ. ಒಂದೇ ಪಾಠ ಕಲಿತ ಇಬ್ಬರಲ್ಲಿ ಒಬ್ಬರಿಗೆ ಗೆರೆ ಬೇಗ ಒಲಿಯುತ್ತದೆ. ಆದರೆ ಹಾಗೆ ಒಲಿದವರೂ ಸಾಧನೆಯನ್ನು ಬಿಟ್ಟವರಲ್ಲ. ನಮ್ಮ ಕೆ. ವೆಂಕಟಪ್ಪನವರು ಮೈಸೂರಿನ ಆಸ್ಥಾನ ಚಿತ್ರಕಾರರ ಮನೆತನದವರು. ಆದರೂ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಶಿಷ್ಯತ್ವ ವಹಿಸಿದರು. ವಿನ್ಸೆಂಟ್ ವಾನ್ ಗೋ ಕಲಾವಿದನಾಗಲು ನಿಶ್ಚಯಿಸಿದುದು 1880ರಲ್ಲಿ, 27ನೆಯ ವಯಸ್ಸಿನಲ್ಲಿ. ಷಾರ್ಲ್ ಬಾರ್ಗ್ ಎಂಬವನು ಸಿದ್ಧಪಡಿಸಿದ ಅಭ್ಯಾಸದ ಹಾಳೆಗಳನ್ನು ಅವನು ಮತ್ತೆ ಮತ್ತೆ ನಕಲು ಮಾಡಿದನು. ದೂರ ಸಮೀಪಗಳ ಅಳತೆ ಹಿಡಿಯಲು ದಾರ ಬಿಗಿದ ಚೌಕಟ್ಟೊಂದನ್ನು ಮಾಡಿಸಿಕೊಂಡನು.

ಎಲ್ಲರೂ ವಾನ್ ಗೋ ಆಗಬೇಕಿಲ್ಲ. ಈರುಳ್ಳಿಯ ಜೀವಕೋಶವನ್ನು ಕಂಡಂತೆ ಬರೆಯುವುದು ಪ್ರತಿಭೆಯ ಮಾತೇ ಅಲ್ಲ. ಒಂದನೆಯ ತರಗತಿಯ ಮಗು ‘ಅ’ಕಾರವನ್ನು ತಲೆಕೆಳಗಾಗಿ ಬರೆದರೆ ‘ಇದಕ್ಕೆ ಅಕ್ಷರದ ವರವಿಲ್ಲ’ ಎಂದು ಯಾರೂ ಕೈಬಿಡುವುದಿಲ್ಲ. ಸ್ಲೇಟಿನ ಮೇಲೆ ನೂರು ಸಲ ತಿದ್ದಿಸುತ್ತಾರೆ. ಹಾಡುತ್ತ ಹಾಡುತ್ತ ರಾಗ ಎಂಬ ಗಾದೆಯನ್ನು ಸಂಗೀತಕ್ಕೆ ಒಪ್ಪುವ ನಾವು ಚಿತ್ರಕ್ಕೆ ಬಂದೊಡನೆ ಜಾತಕ ನೋಡತೊಡಗುತ್ತೇವೆ.

ಅಧ್ಯಾಪಕರಿಗೂ ಒಂದು ಮಾತು. ಮಸೂರದ ಕೆಳಗೆ ಸೊಟ್ಟಗಿದ್ದ ಕೋಶವನ್ನು ಸೊಟ್ಟಗೆಯೇ ಬರೆದ ಹುಡುಗಿಗೆ ಐದು ಅಂಕ, ಪುಸ್ತಕ ನೋಡಿ ನುಣುಪಾಗಿ ತೀಡಿದವನಿಗೆ ಒಂಬತ್ತು ಅಂಕ ಕೊಡುವ ಪದ್ಧತಿಯನ್ನು ಈ ವರ್ಷವಾದರೂ ತಿರುವುಮುರುವು ಮಾಡಿ ನೋಡಬಾರದೇಕೆ?