ಗೌಡ ಉಳಿಸಿಕೊಂಡ ಹಣ

ಇಲಿಯನ್ನು ಕಂಡು ಬೆಕ್ಕು ಓಡುವ ಊರೊಂದಿತ್ತು. ನಾಯಿಗಳಿಗೂ ಅಲ್ಲಿ ಉಳಿಗಾಲವಿರಲಿಲ್ಲ. ಅನ್ನದ ಮಡಕೆಗೆ ಇಲಿ, ಟೋಪಿಯೊಳಗೆ ಇಲಿಯ ಸಂಸಾರ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನು ಓದಿದವರಿಗೆ ಈ ಊರಿನ ವಿಳಾಸ ಹೇಳಬೇಕಾಗಿಲ್ಲ.

ಕತೆಯ ಮೂಲ ಜರ್ಮನಿಯ ಹ್ಯಾಮೆಲಿನ್ ಪಟ್ಟಣ. ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ ಅದನ್ನು ಪದ್ಯವಾಗಿಸಿ 1842ರಲ್ಲಿ ಪ್ರಕಟಿಸಿದ. ಬರೆದದ್ದು ಪಂಡಿತರಿಗಲ್ಲ. ನಟ ಮೆಕ್ರೆಡಿಯ ಮಗ ವಿಲ್ಲಿ ಕಾಯಿಲೆಯಿಂದ ಮಲಗಿದ್ದ. ಹುಡುಗನಿಗೆ ಚಿತ್ರ ಬರೆಯುವ ಹುಚ್ಚು. ಅವನ ಕೈಗೊಂದು ಕೆಲಸವಾಗಲಿ ಎಂದು ಹುಟ್ಟಿದ ಪದ್ಯ ಇದು. ವಿಲ್ಲಿ ಚಿತ್ರಗಳನ್ನು ಬರೆದ ಕೂಡ. ಮುಂದೆ 1888ರಲ್ಲಿ ಕೇಟ್ ಗ್ರೀನ್‌ಅವೇ ಬರೆದ ಚಿತ್ರಗಳೊಂದಿಗೆ ಅದು ಹೆಸರಾಂತ ಚಿತ್ರಪುಸ್ತಕವಾಯಿತು.

ಕನ್ನಡಕ್ಕೆ ಬಂದಾಗ ವೇಸರ್ ನದಿ ತುಂಗೆಯಾಯಿತು, ಮೇಯರ್ ಗೌಡನಾದ, ಕೊಳಲಿನವನ ಕೈಗೆ ಕಿಂದರಿ ಬಂತು. ಕುಪ್ಪಳಿಯ ಕವಿಗೆ ತುಂಗೆ ತನ್ನ ಸೀಮೆಯ ಹೊಳೆ. ಸವದತ್ತಿ ತಾಲ್ಲೂಕಿನ ಹೂಲಿಯ ಹುಡುಗ ಓದುವಾಗ ಅದು ಮಲಪ್ರಭೆಯಾದರೂ ಅಡ್ಡಿಯಿಲ್ಲ. ಜೋಳದ ಚೀಲವಿರುವ ಮನೆಗೆ ಇಲಿಯ ಪರಿಚಯ ಮಾಡಿಕೊಡಬೇಕೆ? ಎರೆ ಸೀಮೆಯ ಹಿರಿಯರು ಜೋಳವನ್ನು ನೆಲದಡಿಯ ಹಗೇವಿಗೆ ತುಂಬಿ ಬಾಯಿ ಮುಚ್ಚುತ್ತಿದ್ದರು. ಬೊಮ್ಮನಹಳ್ಳಿಯವರಿಗೆ ಆ ಉಪಾಯ ಹೊಳೆಯಲಿಲ್ಲ. ಹೊಳೆದಿದ್ದರೂ ಮಲೆನಾಡಿನ ಮಳೆಗೆ ಅದು ನಡೆಯುತ್ತಿರಲಿಲ್ಲ ಬಿಡಿ.

ಇಲಿಗಳು ಹೊಳೆಗೆ ಬೀಳುವವರೆಗೆ ನಗುವೇ ನಗು. ಆಮೇಲೆ ಜೋಗಿ ಹಣ ಕೇಳುತ್ತಾನೆ. ಸತ್ತ ಇಲಿ ತಿರುಗಿ ಬಾರದೆಂಬ ಧೈರ್ಯದಲ್ಲಿ ಗೌಡ ಮಾತಿಗೆ ತಪ್ಪುತ್ತಾನೆ. ಕಿಂದರಿ ಮತ್ತೆ ನುಡಿಯುತ್ತದೆ. ಈ ಸಲ ಹೊರಟವರು ಮಕ್ಕಳು. ಬೆಟ್ಟ ಬಾಯಿ ತೆರೆದು ಅವರನ್ನು ಒಳಗೆ ಕರೆದುಕೊಳ್ಳುತ್ತದೆ. ಓಡಲಾರದ ಕುಂಟ ಹುಡುಗನೊಬ್ಬ ಮಾತ್ರ ಹೊರಗೆ ಉಳಿಯುತ್ತಾನೆ.

ಮಲಗುವ ಹೊತ್ತಿಗೆ ಓದಿ ಹೇಳುವ ಪಾಲಕರು ಇಲ್ಲಿಗೆ ಬಂದಾಗ ಪುಟ ಹಾರಿಸುವುದುಂಟು. ಮಗು ಹೆದರೀತು ಎಂಬ ಕಾಳಜಿ. ನಿಜಕ್ಕೂ ಹೆದರುವವರು ಯಾರೋ! 'ಗೌಡ ಮಾತು ತಪ್ಪಿದ್ರ ಹುಡುಗ್ರ್ಯಾಕ ಹೋಗಬೇಕು?' ಎಂದು ಮಗು ಕೇಳಿಬಿಟ್ಟರೆ ಅಪ್ಪನ ಬಳಿ ಉತ್ತರವಿಲ್ಲ. ಅದರ ಬೆನ್ನಿಗೇ ಎಲ್ಲಮ್ಮನ ಜಾತ್ರೆಯಲ್ಲಿ ಕೊಡಿಸುತ್ತೇನೆಂದ ಆಟಿಕೆ, ಪಾಸಾದರೆ ತರುತ್ತೇನೆಂದ ಸೈಕಲ್ಲು ಎಲ್ಲ ನೆನಪಾದಾವು.

ಆದರೆ ಹಾರಿಸುವ ಆ ಪುಟವೇ ಕತೆಯ ಅತಿ ಹಳೆಯ ಭಾಗ. ಹ್ಯಾಮೆಲಿನ್ನಿನ ಬಗೆಗಿನ 15ನೇ ಶತಮಾನದ ಬರಹದಲ್ಲಿ ಇಲಿಗಳ ಸುಳಿವೇ ಇಲ್ಲ. 1284ರ ಜೂನ್ 26ರಂದು ಕೊಳಲೂದುವವನೊಬ್ಬನ ಹಿಂದೆ 130 ಮಕ್ಕಳು ಹೋದರು, ಮರಳಲಿಲ್ಲ ಎಂದಷ್ಟೇ ಇದೆ. ಇಲಿಗಳು ಕತೆಯೊಳಗೆ ನುಗ್ಗಿದ್ದು 16ನೇ ಶತಮಾನದಲ್ಲಿ. ಮಕ್ಕಳನ್ನು ಬಿಟ್ಟು ಬರಿಯ ಇಲಿಗಳನ್ನು ಓದಿದರೆ ಆಮೇಲೆ ಬಂದವರನ್ನಷ್ಟೇ ಮಾತಾಡಿಸಿ ಎದ್ದು ಬಂದಂತೆ.

ಪೂರ್ತಿ ಓದಿ ಹೇಳಿ, ಮಕ್ಕಳ ಕೈಗೆ ಹಾಳೆ, ಬಣ್ಣದ ಪೆನ್ಸಿಲ್ ಕೊಡಿ. ಮೊದಲು ಇಲಿಗಳನ್ನೇ ಬರೆದಾರು, ಅದೂ ಬೆಕ್ಕಿಗಿಂತ ದೊಡ್ಡದಾಗಿ. ಬೆಟ್ಟ ಬರೆಯಬೇಕಾದಾಗ ಹೂಲಿಯ ಹುಡುಗರು ಎದ್ದು ಹೊರಗೆ ಬಂದರೆ ಸಾಕು. ಊರಿಗೆ ಒತ್ತಿಕೊಂಡೇ ಗುಡ್ಡವಿದೆ.