ಎಷ್ಟು ಪುರಾವೆ ಬೇಕು, ಸ್ವಾಮಿ?

ಸಾವಿಗೆ ವಾಯುಮಾಲಿನ್ಯವೇ ನೇರ ಕಾರಣ ಎನ್ನಲು ದೇಶದಲ್ಲಿ ಖಚಿತ ದತ್ತಾಂಶವಿಲ್ಲವಂತೆ. ಸಂಸತ್ತಿನಲ್ಲಿ ಯಾರೇ ಕೇಳಲಿ, ಕೇಂದ್ರ ಸರ್ಕಾರ ಹಲವು ವರ್ಷಗಳಿಂದ ಕೊಡುತ್ತಿರುವ ಉತ್ತರ ಹೆಚ್ಚುಕಡಿಮೆ ಇದೇ. ಸಚಿವರು ಬದಲಾಗಿದ್ದಾರೆ, ವಾಕ್ಯ ಬದಲಾಗಿಲ್ಲ. ಇದರ ಬೆನ್ನಿಗೇ ಒಂದು ಉಪದೇಶವೂ ಇರುತ್ತದೆ: ವಿಜ್ಞಾನಿಗಳು ಅಳೆಯಲಿ, ವರದಿ ಕೊಡಲಿ, ನೀತಿಯ ಉಸಾಬರಿ ಅವರಿಗೇಕೆ?

ಅಮೆರಿಕದಲ್ಲಿ ರಸಾಯನ ವಿಜ್ಞಾನಿಗಳಾದ ಶೆರ್ವುಡ್ ರೋಲಂಡ್ ಮತ್ತು ಮಾರಿಯೋ ಮೊಲಿನಾ ಐವತ್ತು ವರ್ಷಗಳ ಹಿಂದೆಯೇ ಇಂಥ ಮಾತು ಕೇಳಿಸಿಕೊಂಡಿದ್ದರು. ಫ್ರಿಜ್‌ಗೆ ತುಂಬುತ್ತಿದ್ದ, ಸೆಂಟಿನ ಡಬ್ಬಿಯಿಂದ ಬುಸ್ಸೆನ್ನುತ್ತಿದ್ದ ಸಿಎಫ್‌ಸಿ ಅನಿಲ ಬೆಂಕಿ ಹಿಡಿಯದು, ವಿಷವೂ ಅಲ್ಲ. ಯಾವುದರ ಜೊತೆಗೂ ವರ್ತಿಸದ ಆ ಸಾಧು ಸ್ವಭಾವದಲ್ಲೇ ಅಪಾಯವಿದೆ ಎಂದು ಇಬ್ಬರೂ 1974ರ ಜೂನ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಕೆಡದೆ ಮೇಲೇರಿದ ಅಣು ಎತ್ತರದಲ್ಲಿ ನೇರಳಾತೀತ ಕಿರಣ ತಾಗಿ ಒಡೆಯುತ್ತದೆ. ಹೊರಬಿದ್ದ ಒಂದೇ ಕ್ಲೋರಿನ್ ಪರಮಾಣು ತಾನು ಸವೆಯದೆ ಆ ಕಿರಣದಿಂದ ನಮ್ಮನ್ನು ಕಾಯುವ ಸಾವಿರಾರು ಓಝೋನ್ ಅಣುಗಳನ್ನು ಮುಗಿಸುತ್ತದೆ. ಇಷ್ಟು ಬರೆದು ಸುಮ್ಮನಿದ್ದರೆ ಯಾರಿಗೂ ತಕರಾರಿರಲಿಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ಪತ್ರಕರ್ತರನ್ನು ಕರೆದು, ಇದನ್ನು ಗಾಳಿಗೆ ಬಿಡುವುದನ್ನು ನಿಲ್ಲಿಸಿ ಎಂದರು. ಉದ್ಯಮ ಮುಗಿಬಿತ್ತು. ಬರೀ ಊಹೆ ಎಂದರು. ಸ್ಪ್ರೇ ಡಬ್ಬಿ ಉದ್ಯಮದ ಒಬ್ಬರಿಗಂತೂ ಇದರಲ್ಲಿ ಸೋವಿಯತ್ ಗೂಢಚಾರರ ಕೈವಾಡ ಕಂಡಿತು!

ನ್ಯಾಯವಾಗಿ ಹೇಳಬೇಕೆಂದರೆ ಆ ಕಾಲದ ಲೆಕ್ಕಗಳು ತಪ್ಪಿದ್ದವು. ಆದರೆ ತಪ್ಪಿದ್ದು ಉದ್ಯಮ ಬಯಸಿದ ದಿಕ್ಕಿಗಲ್ಲ. ಓಝೋನ್ ದಶಕಗಳುದ್ದಕ್ಕೂ ನಿಧಾನವಾಗಿ ತೆಳುವಾಗುತ್ತದೆ ಎಂದುಕೊಂಡಿದ್ದರು. 1985ರಲ್ಲಿ ಬ್ರಿಟನ್ನಿನ ವಿಜ್ಞಾನಿ ಜೋ ಫಾರ್ಮನ್ ಮತ್ತು ಸಂಗಡಿಗರು ಅಂಟಾರ್ಕ್ಟಿಕಾದ ಹ್ಯಾಲಿ ಬೇ ನೆಲೆಯ ಅಳತೆಗಳನ್ನು ಮುಂದಿಟ್ಟಾಗ, ಅಲ್ಲಿನ ವಸಂತದ ಓಝೋನ್ ಅದಾಗಲೇ ಮೂರನೇ ಒಂದರಷ್ಟು ಕುಸಿದಿತ್ತು. ಸಂಶಯವಿದೆ ಎಂದಾಕ್ಷಣ ಅಪಾಯ ಕಡಿಮೆ ಎಂದೇ ಓದಿಕೊಳ್ಳುವವರು ಇದನ್ನು ನೆನಪಿಡಬೇಕು.

ಸಿಎಫ್‌ಸಿಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಒಪ್ಪಂದಕ್ಕೆ 1987ರ ಸೆಪ್ಟೆಂಬರ್ 16ರಂದು ಸಹಿ ಬಿತ್ತು. ಅಂಟಾರ್ಕ್ಟಿಕಾದ ಆ ಕುಸಿತಕ್ಕೆ, ಅಂದರೆ ಓಝೋನ್ ರಂಧ್ರಕ್ಕೆ, ಕ್ಲೋರಿನ್ನೇ ಕಾರಣವೇ ಎಂದು ಅಳೆಯಲು ಹೊರಟ ವಿಮಾನಗಳು ಆಗಿನ್ನೂ ಚಿಲಿಯಿಂದ ಹಾರುತ್ತಿದ್ದವು. ಪುರಾವೆ ಪೂರ್ತಿಯಾಗಲಿ ಎಂದು ಯಾರೂ ಕಾಯಲಿಲ್ಲ. ಭಾರತ 1992ರಲ್ಲಿ ಸೇರಿದ್ದು, ಬದಲಿ ತಂತ್ರಜ್ಞಾನಕ್ಕೆ ಶ್ರೀಮಂತ ದೇಶಗಳು ಹಣ ಕೊಡಲು ಒಪ್ಪಿದ ಮೇಲೆ. (ಆ ಚೌಕಾಸಿ ಸರಿಯಾಗಿಯೇ ಇತ್ತು.) ಓಝೋನ್ ಪದರ ಈಗ ಚೇತರಿಸಿಕೊಳ್ಳುತ್ತಿದೆ.

ಇದರೆದುರು, ಪುರಾವೆ ಸಾಲದು ಎನ್ನುತ್ತಲೇ ಇರುವ ನಮ್ಮಲ್ಲಿ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಕಥೆ ನೋಡಿ. ಗಂಧಕದ ಹೊಗೆಗೆ 2015ರ ಡಿಸೆಂಬರ್‌ನಲ್ಲಿ ಮಿತಿ ಹಾಕಿ ಎರಡು ವರ್ಷದ ಗಡುವು ಕೊಟ್ಟರು. ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. 2025ರ ಜುಲೈನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಘಟಕಗಳಿಗೆ ಹೊಗೆಯಿಂದ ಗಂಧಕ ತೆಗೆಯುವ ಯಂತ್ರ ಹಾಕುವುದರಿಂದ ವಿನಾಯಿತಿಯೇ ಸಿಕ್ಕಿತು. ಸುತ್ತಲ ಗಾಳಿಯಲ್ಲಿ ಸಲ್ಫರ್ ಡೈಆಕ್ಸೈಡ್ ಮಿತಿಯೊಳಗೇ ಇದೆ ಎಂಬುದು ಸಮರ್ಥನೆ. ಆ ಅನಿಲ ಗಾಳಿಯಲ್ಲೇ ಸಲ್ಫೇಟ್ ಕಣವಾಗಿ ನೂರಾರು ಕಿಲೋಮೀಟರ್ ಆಚೆಯವರ ಶ್ವಾಸಕೋಶಕ್ಕೆ ಇಳಿಯುತ್ತದೆ ಎಂಬುದು ರಸಾಯನಶಾಸ್ತ್ರ. ಇದನ್ನು ತಿಳಿದ ವಿಜ್ಞಾನಿ ವರದಿ ಕೊಟ್ಟು ಬಾಯಿ ಮುಚ್ಚಿಕೊಂಡರೆ ಅದು ನಿಷ್ಪಕ್ಷಪಾತವಲ್ಲ, ಚಿಮಣಿಯ ಪರ ವಕಾಲತ್ತು.

ಕರ್ನಾಟಕದಿಂದ ಲೋಕಸಭೆಗೆ 28 ಮಂದಿ ಹೋಗಿದ್ದಾರೆ. ಆ ಹಳೇ ಉತ್ತರ ಮತ್ತೆ ಬಂದಾಗ ಅವರಲ್ಲಿ ಒಬ್ಬರಾದರೂ ಎದ್ದು ನಿಂತು ಕೇಳಲಿ: ಎಷ್ಟು ಪುರಾವೆ ಬೇಕು, ಅದನ್ನು ಯಾರು, ಯಾವ ತಾರೀಖಿನೊಳಗೆ ತರುತ್ತಾರೆ?