ಡೈನಮೋದಿಂದ ಬಟಿಸ್ಟಾದವರೆಗೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಪ್ರೀತಿಯಿಂದ ಕೇಳಿದಾಗ, ಹಳೆಯ ವಿದ್ಯಾರ್ಥಿಯಾದ ನಾನು ಬಾಲ್ಯದ ನೆನಪುಗಳನ್ನಷ್ಟೇ ಬರೆದು ಕೈಮುಗಿಯಬಹುದಿತ್ತು. ಆದರೆ ಇತ್ತೀಚೆಗೆ ಊರಿಗೆ ಬಂದಾಗ ಕೇಳಿದ ಮಾತೊಂದು ಮನಸ್ಸನ್ನು ಕೊರೆಯುತ್ತಿದೆ. "ಕನ್ನಡ ಶಾಲೆಯಲ್ಲಿ ಓದಿದ ಹುಡುಗ ಯಂತ್ರವಿದ್ಯೆ ಏನು ಕಲಿತಾನು?" ಎಂದು ಪಾಲಕರೊಬ್ಬರು ಕೇಳಿ, ಮಗನ ವರ್ಗಾವಣೆ ಪತ್ರ ಪಡೆದುಕೊಂಡು ಹೋದರು. ಅವರಿಗೆ ಅಂದು ನಾನು ಉತ್ತರಿಸಲಿಲ್ಲ. ಇಂದು ಒಂದು ಕಾರಿನ ಕಥೆಯ ಮೂಲಕ ಉತ್ತರಿಸಲು ಯತ್ನಿಸುತ್ತೇನೆ.

2019ರ ಜಿನೀವಾ ವಾಹನ ಪ್ರದರ್ಶನದಲ್ಲಿ 'ಬಟಿಸ್ಟಾ' ಎಂಬ ವಿದ್ಯುತ್ ಕಾರು ಲೋಕಕ್ಕೆ ಪರಿಚಯವಾಯಿತು. ಅದನ್ನು ರೂಪಿಸಿದ ಆಟೊಮೊಬಿಲಿ ಪಿನಿನ್‌ಫರೀನಾ ಸಂಸ್ಥೆಯನ್ನು ಸ್ಥಾಪಿಸಿದವರು ನಮ್ಮ ದೇಶದ ಮಹೀಂದ್ರ ಸಮೂಹದವರು. 2013ರಲ್ಲಿ ನಮ್ಮ ಜಹೀರಾಬಾದಿನಲ್ಲಿ ಟ್ರ್ಯಾಕ್ಟರ್ ಕಾರ್ಖಾನೆ ತೆರೆದವರೂ, 2023ರಲ್ಲಿ ಅಲ್ಲಿಯೇ ವಿದ್ಯುತ್ ವಾಹನಗಳ ಘಟಕಕ್ಕೆ ಅಡಿಗಲ್ಲು ಇಟ್ಟವರೂ ಅವರೇ. ಬಟಿಸ್ಟಾದ ಶಕ್ತಿ ಸುಮಾರು 1,900 ಅಶ್ವಶಕ್ತಿ. ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟಲು ಅದಕ್ಕೆ ಎರಡು ಸೆಕೆಂಡುಗಳೂ ಬೇಡ. ತಯಾರಿಸಲು ನಿಶ್ಚಯಿಸಿದ್ದು 150 ಕಾರುಗಳನ್ನು ಮಾತ್ರ.

ಇದರ ಒಳಗುಟ್ಟು ನಮ್ಮ ಒಕ್ಕಲುತನದ ಮಕ್ಕಳಿಗೆ ಅಪರಿಚಿತವಾದುದಲ್ಲ. ಬಂಡಿಯನ್ನು ತಿರುವಿನಲ್ಲಿ ಹೊರಳಿಸುವಾಗ ಹೊರಮಗ್ಗುಲ ಎತ್ತು ಬೇಗ ಹೆಜ್ಜೆಯಿಡಬೇಕು, ಒಳಮಗ್ಗುಲ ಎತ್ತನ್ನು ತುಸು ತಡೆಹಿಡಿಯಬೇಕು. ಬಟಿಸ್ಟಾದ ನಾಲ್ಕು ಗಾಲಿಗಳಿಗೆ ನಾಲ್ಕು ಮೋಟಾರುಗಳಿವೆ. ಯಾವ ಗಾಲಿಗೆ ಎಷ್ಟು ಬಲ ಕೊಡಬೇಕೆಂಬುದನ್ನು ಗಣಕಯಂತ್ರ ಕ್ಷಣಕ್ಷಣಕ್ಕೂ ನಿರ್ಧರಿಸುತ್ತದೆ. ಎಂಜಿನ್ ತನ್ನ ಪೂರ್ಣ ಬಲವನ್ನು ತೋರಬೇಕಾದರೆ ಮೊದಲು ವೇಗವಾಗಿ ತಿರುಗಬೇಕು. ವಿದ್ಯುತ್ ಮೋಟಾರು ನಿಂತಲ್ಲಿಂದಲೇ ಪೂರ್ಣ ಬಲದಿಂದ ಎಳೆಯಬಲ್ಲದು. ಕಾರಿನ ಒಡಲು ಕಾರ್ಬನ್ ನಾರಿನದು. ಒಳಗೆ 120 ಕಿಲೋವ್ಯಾಟ್-ಗಂಟೆಯ ಬ್ಯಾಟರಿ. ಈ ವಿದ್ಯುತ್ ವ್ಯವಸ್ಥೆಯನ್ನು ಒದಗಿಸಿದ್ದು ಕ್ರೊಯೇಷಿಯಾ ಎಂಬ ಪುಟ್ಟ ದೇಶದ ರಿಮಾಕ್ ಸಂಸ್ಥೆ.

ವೇಗ ತಗ್ಗಿಸುವಾಗ ಇದೇ ಮೋಟಾರುಗಳು ವಿದ್ಯುತ್ತನ್ನು ಉತ್ಪಾದಿಸಿ ಬ್ಯಾಟರಿಗೆ ಮರಳಿಸುತ್ತವೆ. ಈ ಸಂಗತಿಯನ್ನು ಓದಿದಾಗ ನನ್ನ ಕಣ್ಣೆದುರು ಬಂದವರು ನಮ್ಮ ವಿಜ್ಞಾನದ ಮಾಸ್ತರರು. ಒಂದು ಸಂಜೆ ತಮ್ಮ ಸೈಕಲ್ಲನ್ನು ಅಂಗಳದಲ್ಲಿ ತಲೆಕೆಳಗಾಗಿ ನಿಲ್ಲಿಸಿ, ಡೈನಮೋವನ್ನು ಗಾಲಿಗೆ ತಾಗಿಸಿ, "ಪೆಡಲು ಈಗ ಯಾಕೆ ಭಾರವಾಯಿತು, ಹೇಳಿರಿ" ಎಂದು ಕೇಳಿದರು. ಯಾರಿಗೂ ತಿಳಿಯಲಿಲ್ಲ. "ಬೆಳಕು ಪುಕ್ಕಟೆ ಬರುವುದಿಲ್ಲ, ನಿನ್ನ ಕಾಲಿನ ಬಲವೇ ದೀಪವಾಗಿದೆ" ಎಂದರು. ಕೋಟಿಗಟ್ಟಲೆ ಬೆಲೆಯ ಆ ಕಾರು ವೇಗ ತಗ್ಗಿಸುವ ತತ್ತ್ವವನ್ನು ನಾನು ಕಲಿತದ್ದು ಆ ಅಂಗಳದಲ್ಲಿ, ಕನ್ನಡದಲ್ಲಿ. ಮುಂದೆ ಪಾಲಿಟೆಕ್ನಿಕ್ಕಿನ ಮೊದಲ ಆರು ತಿಂಗಳು ಇಂಗ್ಲಿಷಿನ ಮುಂದೆ ತತ್ತರಿಸಿದ್ದು ನಿಜ. ಇಂಗ್ಲಿಷ್ ಬೇಡವೆಂದು ನಾನು ಹೇಳಲಾರೆ. ಆದರೆ ಅಲ್ಲಿ ನನಗೆ ಹೊಸದಾಗಿದ್ದುದು ಹೆಸರುಗಳು ಮಾತ್ರ. ವಿಷಯ ಮೊದಲೇ ತಿಳಿದಿತ್ತು.

ವಿದ್ಯುತ್ ಕಾರಿನ ವಿಷಯದಲ್ಲಿ ಕನ್ನಡ ನಾಡು ಹಿಂದೆ ಬಿದ್ದದ್ದೂ ಇಲ್ಲ. ಬೆಂಗಳೂರಿನಲ್ಲಿ ಚೇತನ್ ಮೈನಿಯವರ ನೇತೃತ್ವದಲ್ಲಿ ರೂಪುಗೊಂಡ 'ರೇವಾ' ಕಾರು 2001ರಲ್ಲಿಯೇ ರಸ್ತೆಗಿಳಿಯಿತು. ಪುಟ್ಟ ಒಡಲಿನ ಆ ಕಾರನ್ನು ಕಂಡು ನಕ್ಕವರು ಬಹಳ. ಆದರೂ ಅದು ಲಂಡನ್ನಿನ ಬೀದಿಗಳಲ್ಲಿ ಓಡಾಡಿತು. 2010ರಲ್ಲಿ ಮಹೀಂದ್ರ ಸಂಸ್ಥೆ ಅದರ ಬಹುಪಾಲು ಒಡೆತನ ಪಡೆಯಿತು. ಬಟಿಸ್ಟಾ ಸಿರಿವಂತರ ಸೊತ್ತು, ಅದರ ವೇಗಕ್ಕೆ ತಕ್ಕ ರಸ್ತೆ ನಮ್ಮಲ್ಲಿಲ್ಲ ಎಂದು ಆಕ್ಷೇಪಿಸುವವರ ಮಾತನ್ನು ನಾನು ಒಪ್ಪುತ್ತೇನೆ. ವಿದ್ಯುತ್ ವಾಹನವೆಂದರೆ ಬಲವಿಲ್ಲದ ಗಾಡಿ ಎಂಬ ಹಳೆಯ ನಗೆಯನ್ನು ನಿಲ್ಲಿಸಿದ್ದೇ ಇಂಥ ಕಾರುಗಳ ನಿಜವಾದ ಕೊಡುಗೆ. ಮೋಟಾರು, ಬ್ಯಾಟರಿ, ನಿಯಂತ್ರಕ ಎಂಬ ಅದೇ ಮೂರು ಅಂಗಗಳು ಇಂದು ಜಹೀರಾಬಾದಿನ ವಿದ್ಯುತ್ ಆಟೋದಲ್ಲಿಯೂ ಇವೆ.

ಆ ಕಾರಿನ ಹೆಸರಿನಲ್ಲಿಯೂ ನಮಗೊಂದು ಪಾಠವಿದೆ. 1930ರಲ್ಲಿ ಇಟಲಿಯ ಟ್ಯೂರಿನ್ನಿನಲ್ಲಿ ಪಿನಿನ್‌ಫರೀನಾ ಸಂಸ್ಥೆಯನ್ನು ಕಟ್ಟಿದ ಬಟಿಸ್ಟಾ ಫರೀನಾ ಬಾಲ್ಯದಲ್ಲಿಯೇ ಅಣ್ಣನ ಕಾರ್ಯಾಗಾರದಲ್ಲಿ ದುಡಿಯತೊಡಗಿದವರು. 'ಪಿನಿನ್' ಎಂದರೆ ಅವರ ಸೀಮೆಯ ಆಡುಮಾತಿನಲ್ಲಿ ಚಿಕ್ಕವನು ಎಂದರ್ಥ. ಮನೆಯವರು ಕರೆದ ಆ ಹೆಸರನ್ನು ಅವರು ದೊಡ್ಡವರಾದ ಮೇಲೆ ಬಚ್ಚಿಡಲಿಲ್ಲ. 1961ರಲ್ಲಿ ಇಟಲಿಯ ಅಧ್ಯಕ್ಷರ ಅನುಮತಿಯಿಂದ ಅದನ್ನೇ ತಮ್ಮ ಮನೆತನದ ಹೆಸರಿಗೆ ಸೇರಿಸಿಕೊಂಡರು. 1956ರ ಪುನರ್ವಿಂಗಡಣೆಯಲ್ಲಿ ಬೀದರ ಜಿಲ್ಲೆಯಿಂದ ಬೇರೆಯಾದ ಈ ಸೀಮೆಯಲ್ಲಿ ನಾವು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಉರ್ದು ಆಡುತ್ತ ಬೆಳೆದವರು. ಮನೆಯ ಮಾತಿಗೆ ನಾಚಬೇಕಾದ ಕಾರಣ ನಮಗೂ ಇಲ್ಲ.

ಕೊನೆಯದಾಗಿ ಮಹೋತ್ಸವ ಸಮಿತಿಯ ಹಿರಿಯರಲ್ಲಿ ಒಂದು ವಿನಂತಿ. ಸಂಗ್ರಹವಾದ ಹಣದಲ್ಲಿ ಶಾಲೆಯ ಮುಂದೆ ಸ್ವಾಗತ ಕಮಾನು ಕಟ್ಟಿಸುವ ವಿಚಾರವಿದೆಯೆಂದು ಕೇಳಿದ್ದೇನೆ. ಕಮಾನು ಊರಿಗೆ ಶೋಭೆ, ನಿಜ. ಆದರೆ ಅದರ ಬದಲು ಒಂದು ಕೋಣೆಯಲ್ಲಿ ನಾಲ್ಕು ಮೇಜು, ಹತ್ತಾರು ಹಳೆಯ ಮೋಟಾರು, ಬ್ಯಾಟರಿ, ಪಾನಾ, ಸ್ಕ್ರೂಡ್ರೈವರುಗಳನ್ನಿಟ್ಟು ಮಕ್ಕಳು ಬಿಚ್ಚಿ ಜೋಡಿಸಿ ಕಲಿಯುವಂತೆ ಮಾಡಬಾರದೇಕೆ? ಕಾರ್ಖಾನೆ ನಮ್ಮ ಮನೆಬಾಗಿಲಿನಲ್ಲಿದೆ. ನಮ್ಮ ಮಕ್ಕಳು ಅದರೊಳಗೆ ಹೊರೆ ಹೊರಲಷ್ಟೇ ಹೋಗಬಾರದು. ಈ ಕೆಲಸಕ್ಕೆ ನನ್ನ ಅಲ್ಪ ಕಾಣಿಕೆಯ ಜೊತೆಗೆ ವಾರಕ್ಕೊಂದು ದಿನ ಬಂದು ಕಲಿಸಲು ನಾನು ಸಿದ್ಧನಿದ್ದೇನೆ. ನನ್ನ ಸಹಪಾಠಿಗಳೂ ಕೈಜೋಡಿಸುವರೆಂದು ನಂಬಿದ್ದೇನೆ. ವರ್ಗಾವಣೆ ಪತ್ರ ಒಯ್ದ ಆ ಪಾಲಕರನ್ನು ಕೋಣೆಯ ಉದ್ಘಾಟನೆಗೆ ಮೊದಲು ಕರೆಯೋಣ.